ರಮ್ಮಿಗೆ ಎನರ್ಜಿ ಡ್ರಿಂಕ್ ಬೆರೆಸಿ ಕುಡಿದ ಗೆಳೆಯ ಆಸ್ಪತ್ರೆ ಸೇರಿದ. ತಪ್ಪು ಯಾವುದರದ್ದು?

ಬೆಂಚ್ ಮೇಲಿನವನು · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಲ್ಲಿ ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಇದ್ದೀರಿ ಅಂತ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ. ಬೈಯುವವರು ಪೂರ್ತಿ ಓದಿ ಆಮೇಲೆ ಬೈಯಿರಿ.

ಹೋದ ವಾರ ನಾವು ಐದು ಜನ ಸಕಲೇಶಪುರದ ಕಡೆ ಒಂದು ಹೋಮ್‌ಸ್ಟೇಗೆ ಹೋಗಿದ್ದೆವು. ನಮ್ಮಲ್ಲೊಬ್ಬನಿಗೆ ಮದುವೆ ಗೊತ್ತಾಗಿದೆ, ಅದರ ಪಾರ್ಟಿ. ರಮ್ ಇತ್ತು. ಮಿಕ್ಸಿಂಗ್‌ಗೆ ಕೋಲಾ ತರೋದು ಮರೆತಿದ್ದರು. ದಾರಿಯಲ್ಲಿ ಪೆಟ್ಟಿಗೆ ಅಂಗಡಿಯಲ್ಲಿ ಸಿಕ್ಕಿದ್ದು 20 ರೂಪಾಯಿಯ ಎನರ್ಜಿ ಡ್ರಿಂಕ್. ಒಂದು ಡಜನ್ ಹಿಡಿದುಕೊಂಡು ಬಂದೆವು.

ನನ್ನ ಗೆಳೆಯನಿಗೆ 29 ವರ್ಷ. ಬಿಪಿ ಇಲ್ಲ, ಶುಗರ್ ಇಲ್ಲ, ವಾರಕ್ಕೆ ಮೂರು ದಿನ ಶಟಲ್ ಆಡುತ್ತಾನೆ. ಮಾಮೂಲಿಯಾಗಿ ಮೂರನೇ ಪೆಗ್‌ಗೆ ದಿಂಬು ಹುಡುಕುವವನು. ಅವತ್ತು ಒಂದು ಕ್ವಾರ್ಟರ್ ಮುಗಿದು, ಅದರ ಮೇಲೆ ಇನ್ನೂ ಎರಡು ಪೆಗ್ ಹೋದರೂ ಕುಣಿಯುತ್ತಿದ್ದ. "ನಿಂಗೆ ಏರೋದೇ ಇಲ್ವಲ್ಲೋ" ಅಂತ ನಾವೇ ಹುರಿದುಂಬಿಸಿದೆವು. ರಾತ್ರಿ ಎರಡೂವರೆಗೆ ನನ್ನನ್ನು ಎಬ್ಬಿಸಿ, "ಮಗಾ, ಎದೆ ಒಳಗೆ ಯಾರೋ ಬಾಗಿಲು ಬಡೀತಿದಾರೆ" ಅಂದ. ಅವನ ವಾಚ್ 148 ತೋರಿಸುತ್ತಿತ್ತು. ಕೈ ನಡುಗುತ್ತಿತ್ತು. ನಶೆ ಇಳಿಯಲಿ ಅಂತ ಒಬ್ಬ ಗಟ್ಟಿಯಾಗಿ ಕಪ್ಪು ಕಾಫಿ ಮಾಡಿ ಕುಡಿಸಿದ. ಹತ್ತು ನಿಮಿಷಕ್ಕೆ ವಾಂತಿ. ಆಮೇಲೆ ಆಸ್ಪತ್ರೆಗೆ ಹೋದೆವು. ಇಸಿಜಿ, ಡ್ರಿಪ್, ಒಂದು ದಿನ ಅಡ್ಮಿಟ್. ಈಗ ಆರಾಮಾಗಿದ್ದಾನೆ.

ಡ್ಯೂಟಿ ಡಾಕ್ಟರ್ ಮೊದಲು "ಏನು ಕುಡಿದಿದ್ದು?" ಅಂದರು. ರಮ್ ಅಂದೆವು. ತಲೆ ಎತ್ತಲಿಲ್ಲ. "ಯಾವುದರ ಜೊತೆ?" ಅಂದರು. ಹೇಳಿದೆವು. ಅದನ್ನು ಬರೆದುಕೊಂಡರು.

ಬೆಳಿಗ್ಗೆ ಖಾಲಿ ಬಾಟಲಿ ಎಣಿಸಿದೆ. ಅವನ ಕಡೆ ನಾಲ್ಕು. ಹಿಂದಿನ ಲೇಬಲ್ ಓದೋಕೆ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಬೇಕಾಯ್ತು. 100 ಮಿ.ಲೀ.ಗೆ 29 ಮಿ.ಗ್ರಾಂ ಕೆಫೀನ್. ದಿನಕ್ಕೆ 500 ಮಿ.ಲೀ.ಗಿಂತ ಹೆಚ್ಚು ಬೇಡ ಅಂತಲೂ ಇತ್ತು.

ಈಗ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಜಗಳ. ಅರ್ಧ ಜನ "ಎಣ್ಣೆ ಜಾಸ್ತಿ ಆಯ್ತು ಅಷ್ಟೇ" ಅನ್ನುತ್ತಾರೆ. ಉಳಿದವರು "ಆ ಡ್ರಿಂಕ್‌ದೇ ಕಿತಾಪತಿ" ಅನ್ನುತ್ತಾರೆ. ಯಾವುದು ಸರಿ?

ಡಬಲ್ ಡೆಕ್ಕರ್

ತಪ್ಪು ಕೋಲಾ ಮರೆತವನದ್ದು.

ಧಾರವಾಡ ಪೇಡಾ

ಏನ್ರೀ ಇದು, ನಮ್ಮಪ್ಪ 40 ವರ್ಷ ರಮ್ಮಿಗೆ ಕೋಲಾ ಹಾಕ್ಕೊಂಡೇ ಕುಡಿದರು. ಕೋಲಾದಾಗೂ ಕೆಫೀನ್ ಇರ್ತದ. ಏನೂ ಆಗಲಿಲ್ಲ. ಈಗಿನ ಹುಡುಗರಿಗೆ ತಡಕೊಳ್ಳೋ ಶಕ್ತಿ ಇಲ್ಲ, ಅಷ್ಟೇ.

ನೈಟ್ ಡ್ಯೂಟಿ ಸಿಸ್ಟರ್

ಎರಡೂ ಸರಿ, ಎರಡೂ ಅರ್ಧ ಸರಿ.

ಮಂಗಳೂರಿನಲ್ಲಿ ಕ್ಯಾಶುವಾಲಿಟಿಯಲ್ಲಿ ಇದ್ದೇನೆ. ಶನಿವಾರ ರಾತ್ರಿ ನಮಗೆ ಎರಡು ಥರ ಬರುತ್ತಾರೆ ಮಾರಾಯ್ರೆ. ಒಂದು, ಸ್ಟ್ರೆಚರ್ ಮೇಲೆ ಅಲ್ಲಾಡದೆ ಬರುವವರು. ಇನ್ನೊಂದು, ನಡೆದುಕೊಂಡೇ ಬಂದು "ಸಿಸ್ಟರ್, ಹಾರ್ಟ್ ನಿಲ್ತಾ ಉಂಟು" ಅನ್ನುವವರು. ಎರಡನೆಯವರನ್ನು ಯಾವುದರ ಜೊತೆ ಕುಡಿದಿರಿ ಅಂತ ಕೇಳಲೇಬೇಕು. ಜೊತೆಗೆ ಬಂದ ಗೆಳೆಯರು ಎಣ್ಣೆ ಲೆಕ್ಕ ಪಕ್ಕಾ ಹೇಳುತ್ತಾರೆ. ಆ ಜ್ಯೂಸಿನ ಲೆಕ್ಕ ಯಾರಿಗೂ ನೆನಪಿರುವುದಿಲ್ಲ. ಅದನ್ನು ಕುಡಿದದ್ದು ಅಂತಲೇ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಎದೆ ಬಡಿತದ ವಿಷಯ. ಒಂದೇ ರಾತ್ರಿ ವಿಪರೀತ ಕುಡಿದವರಿಗೆ ಹಾರ್ಟ್ ತಾಳ ತಪ್ಪುವುದು ಹಳೇ ವಿಷಯ. 'ಹಾಲಿಡೇ ಹಾರ್ಟ್' ಅಂತ 1978ರಲ್ಲೇ ಅಮೆರಿಕದ ಡಾಕ್ಟರ್‌ಗಳು ಹೆಸರಿಟ್ಟಿದ್ದಾರೆ. ಅದಕ್ಕೆ ಎಣ್ಣೆ ಒಂದೇ ಸಾಕು. ಆದರೆ ಇವರ ಗೆಳೆಯ ಅಷ್ಟು ಎಣ್ಣೆ ಕುಡಿಯೋಕೆ ಆಗಿದ್ದೇ ಮೂರನೇ ಪೆಗ್‌ಗೆ ನಿದ್ದೆ ಬರದೇ ಇದ್ದದ್ದರಿಂದ. ಅದು ಆ ಎನರ್ಜಿ ಡ್ರಿಂಕಿನ ಕೆಲಸ.

ಮತ್ತೆ, ವಾಂತಿ ಮಾಡುವ ಸ್ಥಿತಿಯಲ್ಲಿ ಇರುವವರಿಗೆ ಬಿಸಿ ಕಾಫಿ ಕುಡಿಸಿದ್ದು ಯಾರು? ಅವರಿಗೆ ನನ್ನ ಕಡೆಯಿಂದ ಎರಡು ಬಿಡಿ.

ಬೆಂಚ್ ಮೇಲಿನವನು

ಮದುವೆ ಗೊತ್ತಾದವನೇ ಕುಡಿಸಿದ್ದು ಅಕ್ಕ.

ಡಬಲ್ ಡೆಕ್ಕರ್

ಹುಡುಗಿ ಮನೆಯವರಿಗೆ ಯಾರಾದರೂ ತಿಳಿಸಿ.

ಕೆಮಿಸ್ಟ್ರಿ ಮೇಷ್ಟ್ರು

@ಧಾರವಾಡ ಪೇಡಾ, ಲೆಕ್ಕ ಮಾಡೋಣ ಬನ್ನಿ. ಕೋಲಾದಲ್ಲಿ 100 ಮಿ.ಲೀ.ಗೆ ಸುಮಾರು 10 ಮಿ.ಗ್ರಾಂ ಕೆಫೀನ್. ನಿಮ್ಮ ತಂದೆ ಒಂದು ಪೆಗ್‌ಗೆ 150 ಮಿ.ಲೀ. ಹಾಕಿಕೊಂಡರೂ 15 ಮಿ.ಗ್ರಾಂ. ಇವರ ಗೆಳೆಯನದು 250 ಮಿ.ಲೀ.ಯ ನಾಲ್ಕು ಬಾಟಲಿ, ಅಂದರೆ ಒಂದು ಲೀಟರ್, 290 ಮಿ.ಗ್ರಾಂ. ಅದರ ಮೇಲೆ ಕಪ್ಪು ಕಾಫಿ ಬೇರೆ. ಆರೋಗ್ಯವಂತ ದೊಡ್ಡವರಿಗೆ ಇಡೀ ದಿನಕ್ಕೆ 400, ಒಂದೇ ಸಲಕ್ಕೆ 200 ದಾಟಬಾರದು ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಹೇಳುತ್ತದೆ. ಇವನ್ನೆಲ್ಲ ಆತ ರಾತ್ರಿ ಊಟದ ಹೊತ್ತಿನಿಂದ ಮಲಗುವುದರೊಳಗೆ ಮುಗಿಸಿದ್ದಾನೆ.

ಈಗ ಒಳಗೆ ಏನಾಗುತ್ತದೆ ಅಂತ. ದಿನವಿಡೀ ಮಿದುಳು ಕೆಲಸ ಮಾಡಿದ ಹಾಗೆ ಅಡೆನೋಸಿನ್ ಅನ್ನೋದು ಸೇರುತ್ತಾ ಹೋಗುತ್ತದೆ. ಅದು ತನ್ನ ಜಾಗದಲ್ಲಿ ಹೋಗಿ ಕೂತಾಗ ನಿದ್ದೆ ಎಳೆಯುತ್ತದೆ. ಕೆಫೀನ್ ಮಾಡೋದು ಇಷ್ಟೇ, ಆ ಜಾಗದಲ್ಲಿ ತಾನು ಕೂರೋದು. ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಹಾಗೆ. ಅಡೆನೋಸಿನ್ ಬಸ್ ಹತ್ತಿದೆ, ಸೀಟಿಲ್ಲ, ನಿಂತಿದೆ. ಇಳಿದು ಹೋಗಿಲ್ಲ. ಎಣ್ಣೆ ಹಾಕಿದರೆ ಇನ್ನೂ ನಾಲ್ಕು ಜನ ಹತ್ತುತ್ತಾರೆ. ಟವೆಲ್ ತೆಗೆದ ಕೂಡಲೇ ಎಲ್ಲರೂ ಒಟ್ಟಿಗೆ ಕೂರುತ್ತಾರೆ.

ರಕ್ತದಲ್ಲಿರುವ ಎಣ್ಣೆಗೆ ಈ ಟವೆಲ್ ಗಲಾಟೆಯ ಸಂಬಂಧವೇ ಇಲ್ಲ. ಅದನ್ನು ಕರಗಿಸೋದು ಲಿವರ್, ತನ್ನದೇ ವೇಗದಲ್ಲಿ. ನಮ್ಮ ಕಡೆಯ ರಮ್ 42.8%. ಒಂದು ಕ್ವಾರ್ಟರ್ ಅಂದರೆ 180 ಮಿ.ಲೀ., ಅದರಲ್ಲಿ 60 ಗ್ರಾಂ ಚಿಲ್ಲರೆ ಆಲ್ಕೋಹಾಲ್. ಲಿವರ್ ಗಂಟೆಗೆ 7ರಿಂದ 10 ಗ್ರಾಂ ತೆಗೆಯುತ್ತದೆ. ಕ್ವಾರ್ಟರ್ ಇಳಿಯೋಕೆ ಆರರಿಂದ ಒಂಬತ್ತು ಗಂಟೆ ಬೇಕು. ಕಾಫಿ ಕುಡಿದರೂ ಅಷ್ಟೇ, ತಲೆಗೆ ನಿಂಬೆಹಣ್ಣು ಉಜ್ಜಿದರೂ ಅಷ್ಟೇ.

ಧಾರವಾಡ ಪೇಡಾ

ನಿಂಬೆಹಣ್ಣು ಉಜ್ಜಿದರ ಇಳೀತದ ಸರ. ನಾನೇ ನೋಡೀನಿ.

ಕೆಮಿಸ್ಟ್ರಿ ಮೇಷ್ಟ್ರು

ಉಜ್ಜಿಸಿಕೊಳ್ಳೋ ಹೊತ್ತಿಗೆ ಎಷ್ಟು ಗಂಟೆ ಆಗಿತ್ತು?

ಧಾರವಾಡ ಪೇಡಾ

ಮರುದಿನ ಮುಂಜಾನೆ.

ತೋಟದ ಮನೆ

ಸಕಲೇಶಪುರ, ಕಾಫಿ ಅಂತ ಎರಡೂ ಕಂಡಿದ್ದರಿಂದ ಬಂದೆ. ಮೂಡಿಗೆರೆ ಕಡೆಯವನು, ಸಣ್ಣ ತೋಟ ಇದೆ. ದಯವಿಟ್ಟು ಕಾಫಿಯನ್ನೂ ಆ ಬಣ್ಣದ ನೀರನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಕಾಫಿಯನ್ನು ಊದಿ ಊದಿ ಕುಡಿಯುತ್ತೇವೆ. ಎರಡನೇ ಲೋಟಕ್ಕೆ ಹೆಂಡತಿ ಮುಖ ನೋಡುತ್ತೇವೆ. ಅದು ತಣ್ಣಗೆ, ಸಿಹಿಯಾಗಿ, ಗಟಗಟ ಇಳಿಯುತ್ತದೆ.

ಕೆಮಿಸ್ಟ್ರಿ ಮೇಷ್ಟ್ರು

ಕೆಫೀನ್ ಎರಡರಲ್ಲೂ ಒಂದೇ ಸ್ವಾಮಿ. ಆದರೆ ನೀವು ಹೇಳಿದ್ದರಲ್ಲಿ ಅರ್ಥ ಇದೆ. ಒಂದು ಬಾಟಲಿಯಲ್ಲಿ ಇರೋದು ಹೆಚ್ಚುಕಮ್ಮಿ ಒಂದು ಲೋಟ ಗಟ್ಟಿ ಕಾಫಿಯಷ್ಟೇ. ರಾತ್ರಿ ಹನ್ನೊಂದಕ್ಕೆ ನಾಲ್ಕು ಲೋಟ ಬಿಸಿ ಕಾಫಿ ಯಾರೂ ಕುಡಿಯಲ್ಲ. ನಾಲ್ಕು ಬಾಟಲಿ ಕುಡಿಯುತ್ತಾರೆ.

ಸುಮ್ನೆ ಓದುವವಳು

ನನಗೊಂದು ಡೌಟು. ಫಿಲ್ಟರ್ ಕಾಫಿಯಲ್ಲಿ ಚಿಕೋರಿ ಜಾಸ್ತಿ ಇದ್ದರೆ ಕೆಫೀನ್ ಕಮ್ಮಿ ಅಲ್ವಾ?

ತೋಟದ ಮನೆ

ಹೌದಮ್ಮ. ಚಿಕೋರಿ ಒಂದು ಬೇರು, ಅದರಲ್ಲಿ ಕೆಫೀನೇ ಇಲ್ಲ. ಕಾನೂನು ಪ್ರಕಾರ ಪುಡಿಯಲ್ಲಿ ಕಾಫಿ 51% ಇದ್ದರೆ ಸಾಕು, ಉಳಿದ 49 ಚಿಕೋರಿ ಹಾಕಬಹುದು. ಪ್ಯಾಕೆಟ್ ಮೇಲೆ ಬರೆದಿರಬೇಕು, ನೋಡಿ. ಆದರೆ ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹತ್ತಿರ ಹತ್ತಿರ ಎರಡರಷ್ಟು ಕೆಫೀನ್ ಇರುತ್ತದೆ. ಬರೀ ಚಿಕೋರಿ ನೋಡಿ ಲೆಕ್ಕ ಹಾಕಿದರೆ ತಪ್ಪುತ್ತದೆ.

ಡಬಲ್ ಡೆಕ್ಕರ್

49% ಚಿಕೋರಿ ಕುಡಿಯುವವರ ಜೊತೆ ನಮಗೆ ಮಾತಿಲ್ಲ.

ಸುಮ್ನೆ ಓದುವವಳು

ನಮ್ಮ ಮನೆಯಲ್ಲಿ ಅದೇ. ಬಣ್ಣ ಬರುತ್ತೆ, ಹಾಲು ಕಮ್ಮಿ ಸಾಕು ಅಂತಾರೆ ಅತ್ತೆ.

ಕೊಲಂಬಸ್ ಕನ್ನಡಿಗ

ಮೂಲ ವಿಷಯಕ್ಕೆ ಬರ್ತೀನಿ. ಅಮೆರಿಕದಲ್ಲಿ ಈ ನಾಟಕ 15 ವರ್ಷದ ಹಿಂದೆಯೇ ಆಗಿ ಹೋಗಿದೆ. ನಾನು ಆಗ ಇಲ್ಲಿ ಓಹಿಯೋದಲ್ಲಿ ಎಂಎಸ್ ಮಾಡುತ್ತಿದ್ದೆ. 'ಫೋರ್ ಲೋಕೋ' ಅಂತ ಒಂದು ಕ್ಯಾನ್ ಬರುತ್ತಿತ್ತು. ಅದನ್ನು ಶುರು ಮಾಡಿದವರೂ ನಮ್ಮೂರಿನ ಓಹಿಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದಿದ ಮೂರು ಜನ ಹುಡುಗರೇ. ಸುಮಾರು 700 ಮಿ.ಲೀ. ಕ್ಯಾನು, 12% ಆಲ್ಕೋಹಾಲ್, ಜೊತೆಗೆ ಕೆಫೀನ್, ಎನರ್ಜಿ ಡ್ರಿಂಕಿಗೆ ಹಾಕುವ ಟಾರಿನ್, ಗ್ವಾರಾನಾ. ಒಂದು ಕ್ಯಾನ್ ಅಂದರೆ ನಾಲ್ಕೈದು ಬಿಯರ್‌ಗೆ ಸಮ. ಬೆಲೆ ಎರಡೂವರೆ, ಮೂರು ಡಾಲರ್. ಕಲ್ಲಂಗಡಿ ರುಚಿಯದ್ದು ಕುಡಿದಿದ್ದೇನೆ, ಕೆಮ್ಮಿನ ಸಿರಪ್‌ಗೆ ಸೋಡಾ ಹಾಕಿದ ಹಾಗಿತ್ತು. ಹುಡುಗರು ಅದಕ್ಕೆ ಇಟ್ಟಿದ್ದ ಹೆಸರು 'ಡಬ್ಬಿಯೊಳಗಿನ ಬ್ಲ್ಯಾಕೌಟ್'.

2010ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಒಂದು ಪಾರ್ಟಿಯಿಂದ ಒಂಬತ್ತು ಕಾಲೇಜು ಹುಡುಗ ಹುಡುಗಿಯರನ್ನು ಆಸ್ಪತ್ರೆಗೆ ಸೇರಿಸಿದರು. ಮೊದಲು ಪೊಲೀಸರು ಯಾರೋ ಡ್ರಗ್ಸ್ ಬೆರೆಸಿದ್ದಾರೆ ಅಂತಲೇ ಅಂದುಕೊಂಡಿದ್ದರು. ನೋಡಿದರೆ ಈ ಕ್ಯಾನು. ಮಿಶಿಗನ್, ವಾಷಿಂಗ್ಟನ್ ರಾಜ್ಯಗಳು ಬ್ಯಾನ್ ಮಾಡಿದವು. ನವೆಂಬರ್ 17ಕ್ಕೆ ಅಲ್ಲಿನ ಆಹಾರ, ಔಷಧ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಎಫ್‌ಡಿಎ ನಾಲ್ಕು ಕಂಪನಿಗಳಿಗೆ ಪತ್ರ ಬರೆಯಿತು: ಇಂಥ ಮದ್ಯಕ್ಕೆ ಕೆಫೀನ್ ಸೇರಿಸೋದು ಸುರಕ್ಷಿತ ಅಲ್ಲ. ಕಂಪನಿ ಕೆಫೀನ್ ತೆಗೆಯಿತು. ಕ್ಯಾನ್ ಇವತ್ತಿಗೂ ಮಾರಾಟದಲ್ಲಿದೆ.

ಮಜಾ ಅಂದರೆ, ಆ ಪತ್ರ ಫ್ಯಾಕ್ಟರಿಯಲ್ಲಿ ಬೆರೆಸಿ ಮಾರುವುದಕ್ಕೆ ಮಾತ್ರ. ಬಾರ್‌ನಲ್ಲಿ ಎದುರಿಗೇ ವೋಡ್ಕಾಗೆ ಎನರ್ಜಿ ಡ್ರಿಂಕ್ ಸುರಿದು ಕೊಟ್ಟರೆ ಕೇಳುವವರಿಲ್ಲ.

ಗ್ಲಾಸ್ಗೋ ಗೌಡ

ಅಮೆರಿಕದವರು 2010ರಲ್ಲಿ ಕಂಡುಹಿಡಿದಿದ್ದನ್ನು ಇಲ್ಲಿ ಪಾದ್ರಿಗಳು ಯಾವಾಗಲೋ ಮಾಡಿ ಇಟ್ಟಿದ್ದಾರೆ. 'ಬಕ್‌ಫಾಸ್ಟ್' ಅಂತ ಒಂದು ಟಾನಿಕ್ ವೈನ್. ಇಂಗ್ಲೆಂಡಿನ ಡೆವನ್‌ನಲ್ಲಿ ಬೆನೆಡಿಕ್ಟೈನ್ ಸನ್ಯಾಸಿಗಳ ಮಠದ್ದು. 15% ಆಲ್ಕೋಹಾಲ್, 100 ಮಿ.ಲೀ.ಗೆ 37.5 ಮಿ.ಗ್ರಾಂ ಕೆಫೀನ್. ಮೇಷ್ಟ್ರೇ ಲೆಕ್ಕ ಹಾಕಿ, 750 ಮಿ.ಲೀ. ಬಾಟಲಿಗೆ 281. ಇವರ ಗೆಳೆಯನ ರಾತ್ರಿ ಲೆಕ್ಕವೇ! ಮಾಡೋದು ಅಲ್ಲಿ, ಕುಡಿದು ಗಲಾಟೆ ಮಾಡೋದು ಇಲ್ಲಿ ಸ್ಕಾಟ್ಲೆಂಡಿನಲ್ಲಿ. ಇಲ್ಲಿನ ರಾಜಕಾರಣಿಗಳು ಎಷ್ಟೋ ವರ್ಷದಿಂದ ಮಠದವರ ಮೇಲೆ ಹರಿಹಾಯುತ್ತಲೇ ಇದ್ದಾರೆ. ತಪ್ಪು ಕುಡಿಯುವವರದ್ದು ಅನ್ನೋದು ತಯಾರಕರ ಕಡೆಯವರ ಉತ್ತರ.

ನಾನು ಬಂದ ಹೊಸದರಲ್ಲಿ ಟಾನಿಕ್ ಅಂತ ಬರೆದಿದೆಯಲ್ಲ ಅಂತ ಶೀತ ಆದಾಗ ಒಂದು ಬಾಟಲಿ ತಂದಿದ್ದೆ. ಶೀತ ಹೋಯ್ತೋ ಇಲ್ವೋ ನೆನಪಿಲ್ಲ. ರಾತ್ರಿ ಮೂರಕ್ಕೆ ಅಡುಗೆ ಮನೆ ಡಬ್ಬಿಗಳನ್ನೆಲ್ಲ ತೊಳೆದು ಒರೆಸಿ ಇಟ್ಟಿದ್ದು ನೆನಪಿದೆ.

ಡಬಲ್ ಡೆಕ್ಕರ್

ನಮ್ಮಮ್ಮನಿಗೆ ಈ ಬಾಟಲಿ ವಿಷಯ ಗೊತ್ತಾಗೋದು ಬೇಡ. ನನಗೆ ಕುಡಿಸಿಬಿಡ್ತಾರೆ.

ಪಿ-ವ್ಯಾಲ್ಯೂ

ಎಲ್ಲರೂ ಒಂದೇ ಕಡೆ ವಾಲಿದ್ದೀರಿ, ಹಾಗಾಗಿ ನಾನು ಅಡ್ಡ ಮಾತಾಡ್ತೀನಿ.

ಅಮೆರಿಕದ ವೇಕ್ ಫಾರೆಸ್ಟ್ ಯೂನಿವರ್ಸಿಟಿಯವರು 2008ರಲ್ಲಿ ಪ್ರಕಟಿಸಿದ ಸರ್ವೇಗೆ ನಾರ್ತ್ ಕೆರೊಲಿನಾದ 10 ಕ್ಯಾಂಪಸ್‌ಗಳಲ್ಲಿ 4,271 ವಿದ್ಯಾರ್ಥಿಗಳನ್ನು ಕೇಳಿದ್ದರು. ಹಿಂದಿನ ತಿಂಗಳು ಕುಡಿದವರಲ್ಲಿ 24% ಜನ ಎನರ್ಜಿ ಡ್ರಿಂಕ್ ಬೆರೆಸಿದ್ದರು. ಪೆಟ್ಟು ಮಾಡಿಕೊಳ್ಳೋದು, ಕುಡಿದವರ ಗಾಡಿ ಹತ್ತೋದು ಇವೆಲ್ಲ ಅವರಲ್ಲಿ ಸುಮಾರು ಎರಡರಷ್ಟು. ಸರಿ. ಆದರೆ ಬೆರೆಸಿ ಕುಡಿಯುವವರು ಯಾರು? ಮೊದಲೇ ಹುಚ್ಚಾಟ ಜಾಸ್ತಿ ಇರುವವರು. ಅವರಿಗೆ ಮಜ್ಜಿಗೆ ಕೊಟ್ಟರೂ ಕಾಂಪೌಂಡ್ ಹಾರುತ್ತಾರೆ. ತಪ್ಪು ಡ್ರಿಂಕ್‌ದೋ ಹುಡುಗರದೋ ಅಂತ ಸರ್ವೇಯಿಂದ ಹೇಳೋಕಾಗಲ್ಲ. 'ಕೆಫೀನ್ ನಶೆಯನ್ನು ಮುಚ್ಚಿಡುತ್ತದೆ' ಅನ್ನೋದೇ ಸುಳ್ಳು ಅನ್ನುವ ರಿಸರ್ಚ್ ಪೇಪರ್‌ಗಳೂ ಇವೆ.

ಕೆಮಿಸ್ಟ್ರಿ ಮೇಷ್ಟ್ರು

ಇವೆ. ಅವುಗಳಲ್ಲಿ ಕೆಲವಕ್ಕೆ ದುಡ್ಡು ಕೊಟ್ಟವರು ಯಾರು ಅಂತ ಕೊನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಬಾಟಲಿ ಲೇಬಲ್ ಥರಾನೇ.

ಪಿ-ವ್ಯಾಲ್ಯೂ

ಒಪ್ಪಿದೆ. ಆದರೆ ದುಡ್ಡು ಯಾರದೇ ಇರಲಿ, ಲೆಕ್ಕ ತಪ್ಪಿದ್ದರೆ ಎಲ್ಲಿ ತಪ್ಪಿದೆ ಅಂತ ತೋರಿಸಬೇಕು.

ಕೆಮಿಸ್ಟ್ರಿ ಮೇಷ್ಟ್ರು

ತೋರಿಸೋಣ. 2006ರಲ್ಲಿ ಬ್ರೆಜಿಲ್‌ನಲ್ಲಿ 26 ಯುವಕರ ಮೇಲೆ ಮಾಡಿದ ಪ್ರಯೋಗ ನೋಡಿ. ವೋಡ್ಕಾ ಮಾತ್ರ ಒಂದು ದಿನ, ವೋಡ್ಕಾ ಜೊತೆ ಎನರ್ಜಿ ಡ್ರಿಂಕ್ ಇನ್ನೊಂದು ದಿನ. ಅಲ್ಲಿ ಹುಡುಗರನ್ನು ಅವರಾಗಿ ಆರಿಸಿಕೊಳ್ಳೋಕೆ ಬಿಟ್ಟಿಲ್ಲ, ಹಾಗಾಗಿ ನಿಮ್ಮ ಕಾಂಪೌಂಡ್ ಹಾರುವವರ ತಕರಾರು ನಡೆಯಲ್ಲ. ಬೆರೆಸಿ ಕುಡಿದ ದಿನ ತಲೆನೋವು ಕಮ್ಮಿ, ಸುಸ್ತು ಕಮ್ಮಿ, ಕೈಕಾಲು ಹಿಡಿತದಲ್ಲಿದೆ ಅಂದರು. ಟೆಸ್ಟ್ ಮಾಡಿ ನೋಡಿದರೆ ಕೈಕಾಲು ಎರಡೂ ದಿನ ಅಷ್ಟೇ ಕೆಟ್ಟಿತ್ತು. ಉಸಿರಿನಲ್ಲಿ ಆಲ್ಕೋಹಾಲೂ ಅಷ್ಟೇ ಇತ್ತು.

ಪಿ-ವ್ಯಾಲ್ಯೂ

26 ಜನ. ನಮ್ಮ ಅಪಾರ್ಟ್‌ಮೆಂಟ್ ಗಣೇಶನ ಕಮಿಟಿಯಲ್ಲೇ ಅದಕ್ಕಿಂತ ಜಾಸ್ತಿ ಇದ್ದಾರೆ.

ಹಳದಿ ಬೋರ್ಡ್

ನಿಮ್ಮ ಪೇಪರ್ ನನಗೆ ಗೊತ್ತಿಲ್ಲ. ಹನ್ನೊಂದು ವರ್ಷದಿಂದ ಬೆಂಗಳೂರಲ್ಲಿ ಕ್ಯಾಬ್ ಓಡಿಸ್ತಾ ಇದ್ದೀನಿ, ಜಾಸ್ತಿ ನೈಟ್. ಇಂದಿರಾನಗರ, ಕೋರಮಂಗಲದ ಪಬ್ ಮುಂದೆ ನಿಲ್ಲಿಸ್ತೀನಿ.

ಬರೀ ಎಣ್ಣೆ ಕುಡಿದ ಗಿರಾಕಿ ಸುಲಭ. ಹತ್ತಿದ ತಕ್ಷಣ ಮಲಗುತ್ತಾನೆ. ಮನೆ ಬಂತು ಸಾರ್ ಅಂತ ಎಬ್ಬಿಸಬೇಕು, ಕೆಲವು ಸಲ ವಾಚ್‌ಮನ್ ಸಹಾಯ ಬೇಕು, ಅಷ್ಟೇ. ಎಚ್ಚರ ಇರೋ ಕುಡುಕ ಕಷ್ಟ. ಅವನು ಕ್ಯಾಬ್ ಬುಕ್ ಮಾಡಿರ್ತಾನೆ, ನಾನು ಬಂದು ನಿಂತ ಮೇಲೆ ಕ್ಯಾನ್ಸಲ್ ಮಾಡ್ತಾನೆ. "ನಾನು ಸರಿಯಾಗೇ ಇದ್ದೀನಿ ಗುರು, ಬೈಕ್ ತಗೊಂಡು ಹೋಗ್ತೀನಿ." ನೋಡಿದರೆ ಕೈಯಲ್ಲಿ ಆ ಕ್ಯಾನ್ ಇರುತ್ತೆ. ಮಾತು ತೊದಲಲ್ಲ. ಕಣ್ಣು ಬಿಟ್ಟುಕೊಂಡೇ ಇರುತ್ತೆ. ಕೀ ಹಾಕೋ ತೂತು ಮಾತ್ರ ಮೂರು ಸಲಕ್ಕೂ ಸಿಗಲ್ಲ.

ಪೊಲೀಸರ ಮೆಷಿನ್ನಿಗೆ ಕೆಫೀನ್ ಕಾಣಲ್ಲ. ಅದಕ್ಕೆ ಗೊತ್ತಿರೋದು 30 ಮಾತ್ರ. 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ ದಾಟಿದರೆ ಕೇಸು, ಮೊದಲ ಸಲಕ್ಕೇ ದಂಡ 10,000 ರೂಪಾಯಿವರೆಗೆ, ಆರು ತಿಂಗಳು ಜೈಲೂ ಆಗಬಹುದು. "ಸಾರ್, ನೋಡಿ ನಾನು ನೇರ ನಡೀತೀನಿ" ಅಂತ ಗೆರೆ ಮೇಲೆ ನಡೆದು ತೋರಿಸಿದವರನ್ನೂ ನೋಡಿದ್ದೀನಿ.

@ಬೆಂಚ್ ಮೇಲಿನವನು, ಒಂದು ಕೇಳಬೇಕು. ಹೋಮ್‌ಸ್ಟೇಯಿಂದ ಆಸ್ಪತ್ರೆಗೆ ಗಾಡಿ ಯಾರು ಓಡಿಸಿದ್ದು?

ಪಿ-ವ್ಯಾಲ್ಯೂ

ಕೀ ತೂತಿನ ಮಾತು ಚೆನ್ನಾಗಿದೆ ಅಣ್ಣ. ನನ್ನ ವಾದ ಸ್ವಲ್ಪ ಹಿಂದಕ್ಕೆ ತಗೋತೀನಿ. ಪೂರ್ತಿ ಅಲ್ಲ.

ದಾವಣಗೆರೆ ಅಮ್ಮ

ನನ್ನ ಮಗ ಸೆಕೆಂಡ್ ಪಿಯು, ಹಾಸ್ಟೆಲಲ್ಲಿದ್ದಾನೆ. ಎಣ್ಣೆ ಇಲ್ಲ (ಇಲ್ಲ ಅಂದುಕೊಂಡಿದ್ದೇನೆ). ಆದರೆ ಪರೀಕ್ಷೆ ಬಂತು ಅಂದರೆ ದಿನಾ ಎರಡು ಆ ಡ್ರಿಂಕ್ ಕುಡಿಯುತ್ತಾನಂತೆ, ರೂಮ್‌ಮೇಟ್ ಅಮ್ಮ ಹೇಳಿದರು. ಇದನ್ನು ಮಕ್ಕಳಿಗೆ ಹೇಗೆ ಮಾರುತ್ತಾರೆ?

ಮೆಡಿಕಲ್ ಶಾಪ್ ಮಂಜ

ಅಮ್ಮ, ಬಾಟಲಿ ಮೇಲೇ ಮಕ್ಕಳಿಗೆ, ಬಸುರಿಯರಿಗೆ, ಹಾಲುಣಿಸುವವರಿಗೆ ಬೇಡ ಅಂತ ಬರೆದಿರುತ್ತದೆ. ನಮ್ಮ ದೇಶದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ನಿಯಮ ಅದು. ಲೀಟರಿಗೆ 145ರಿಂದ 300 ಮಿ.ಗ್ರಾಂ ಕೆಫೀನ್ ಅಂತ ಮಿತಿಯೂ ಇದೆ. ಆದರೆ ಬರೆದಿದೆ ಅಂತ ಅಂಗಡಿಯವನು ವಯಸ್ಸು ಕೇಳಲ್ಲ. ಎಣ್ಣೆ ಅಂಗಡಿಯಲ್ಲಾದರೂ 21 ಅಂತ ಬೋರ್ಡ್ ಇರುತ್ತದೆ.

ನನ್ನ ಕಡೆಯಿಂದ ಇನ್ನೊಂದು ಮಾತು, ಇದನ್ನು ಯಾರೂ ಹೇಳಲಿಲ್ಲ. ಕೆಫೀನ್ ಎಲ್ಲರಿಗೂ ಒಂದೇ ಹೊತ್ತು ಇರಲ್ಲ. ಮಾಮೂಲಿ ಅರ್ಧ ಇಳಿಯೋಕೆ ಐದು ಗಂಟೆ. ಸಿಪ್ರೋಫ್ಲಾಕ್ಸಾಸಿನ್ ಮಾತ್ರೆ ತಗೊಳ್ಳುತ್ತಿದ್ದರೆ ಇನ್ನೂ ತುಂಬಾ ಹೊತ್ತು. ಹೊಟ್ಟೆ ಕೆಟ್ಟರೆ ಚೀಟಿ ಇಲ್ಲದೆ ಬಂದು ಕೇಳ್ತಾರಲ್ಲ, ಅದೇ ಮಾತ್ರೆ. ಗರ್ಭನಿರೋಧಕ ಗುಳಿಗೆ ತಗೊಳ್ಳುವವರಿಗೂ ಹಾಗೆ. ಸಿಗರೇಟು ಸೇದುವವರಿಗೆ ಮಾತ್ರ ಬೇಗ ಇಳಿಯುತ್ತೆ, ಅದಕ್ಕೇ ಅವರಿಗೆ ಗಂಟೆಗೊಂದು ಕಾಫಿ ಬೇಕು. ಉಬ್ಬಸಕ್ಕೆ ಥಿಯೋಫಿಲಿನ್ ಇರೋ ಮಾತ್ರೆ ನುಂಗುವವರು ಎನರ್ಜಿ ಡ್ರಿಂಕ್ ಹತ್ತಿರಕ್ಕೂ ಹೋಗಬೇಡಿ. ಅದು ಕೆಫೀನ್‌ಗೆ ಅಣ್ಣತಮ್ಮ. ಎರಡೂ ಸೇರಿದರೆ ಎದೆ ಬಡಿತ, ನಡುಕ ಎಲ್ಲಾ ಡಬಲ್.

ದಾವಣಗೆರೆ ಅಮ್ಮ

ಇವತ್ತೇ ಫೋನ್ ಮಾಡುತ್ತೇನೆ. ಮಗ ಏನಂತಾನೋ.

ಡಬಲ್ ಡೆಕ್ಕರ್

"ರೂಮ್‌ಮೇಟ್‌ದು ಅಮ್ಮ" ಅಂತಾನೆ.

ಬೆಂಚ್ ಮೇಲಿನವನು · ಸೋಮವಾರ ರಾತ್ರಿ 8:05

ಎಲ್ಲರಿಗೂ ಥ್ಯಾಂಕ್ಸ್. ಗೆಳೆಯ ಇವತ್ತು ಹಾರ್ಟ್ ಡಾಕ್ಟರ್ ಹತ್ತಿರ ಹೋಗಿ ಬಂದ. ಹಾರ್ಟ್ ಸ್ಕ್ಯಾನ್ (ಎಕೋ) ನಾರ್ಮಲ್. 24 ಗಂಟೆ ಎದೆಗೆ ಕಟ್ಟೋ ಮೆಷಿನ್ ಹಾಕಿದ್ದರು, ಅದೂ ನಾರ್ಮಲ್. ಅವತ್ತು ರಾತ್ರಿಯ ಇಸಿಜಿ ನೋಡಿ, ತಾಳ ತಪ್ಪಿತ್ತು, ತಾನಾಗಿ ಸರಿ ಹೋಗಿದೆ ಅಂದರಂತೆ. ಮೂರು ತಿಂಗಳು ಎಣ್ಣೆ ಬೇಡ, ಆ ಡ್ರಿಂಕ್ ಯಾವತ್ತೂ ಬೇಡ, ಕಾಫಿ ಕುಡಿಯಬಹುದು ಅಂದಿದ್ದಾರೆ.

ತೋಟದ ಮನೆ

ಡಾಕ್ಟರ್ ಯಾರೋ ಮಲೆನಾಡಿನವರೇ ಇರಬೇಕು.

ನೈಟ್ ಡ್ಯೂಟಿ ಸಿಸ್ಟರ್

ಒಳ್ಳೆಯದಾಯಿತು. ಹೇಳೋಕೆ ಮರೆತಿದ್ದು ಒಂದು ಉಂಟು. ಕುಡಿದು ವಾಂತಿ ಮಾಡಿದವರನ್ನು ಅಂಗಾತ ಮಲಗಿಸಬೇಡಿ. ಮಗ್ಗುಲಾಗಿ ಮಲಗಿಸಿ, ಒಬ್ಬರು ಪಕ್ಕದಲ್ಲಿ ಎಚ್ಚರ ಇರಿ. "ಮಲಗಲಿ ಬಿಡು, ಬೆಳಿಗ್ಗೆ ಸರಿ ಹೋಗ್ತಾನೆ" ಅಂತ ಬಾಗಿಲು ಹಾಕಿಕೊಂಡು ಹೋಗಬಾರದು. ಕರೆದರೂ ಏಳದಿದ್ದರೆ, ಉಸಿರು ತುಂಬಾ ನಿಧಾನ ಆದರೆ, ಮೈ ತಣ್ಣಗಾದರೆ 108ಕ್ಕೆ ಫೋನ್ ಮಾಡಿ. ಎನರ್ಜಿ ಡ್ರಿಂಕ್ ಸೇರಿದಾಗ ಇದು ತಡವಾಗಿ ಬರುತ್ತದೆ. ಒಂದು ಗಂಟೆ ಹಿಂದೆ ಕುಣಿಯುತ್ತಿದ್ದವನು ಅಂತ ಯಾರಿಗೂ ಅನುಮಾನ ಬರುವುದಿಲ್ಲ.

ಧಾರವಾಡ ಪೇಡಾ

ಅಂದರ ಐರಿಶ್ ಕಾಫಿ? ಅದರಾಗೂ ವಿಸ್ಕಿ, ಕಾಫಿ ಎರಡೂ ಅದಾವ. ಫೈವ್ ಸ್ಟಾರ್ ಹೋಟೆಲಿನಾಗ ಕೊಡ್ತಾರ. ಬಡವರು ಬೆರೆಸಿದರ ತಪ್ಪು, ಸಾಹುಕಾರರು ಬೆರೆಸಿದರ ಸ್ಟೈಲ್ ಏನ್ರಿ?

ಗ್ಲಾಸ್ಗೋ ಗೌಡ

ಪಾಯಿಂಟ್ ಇದೆ ಸಾರ್. ಆದರೆ ಆ ಬೆಲೆಗೆ ಒಂದರ ಮೇಲೆ ಯಾರೂ ಕುಡಿಯಲ್ಲ. ಊಟ ಆದ ಮೇಲೆ, ಚೂರು ಚೂರೇ. ನಾಲ್ಕು ಐರಿಶ್ ಕಾಫಿ ಕುಡಿದರೆ ಸಾಹುಕಾರನೂ ಸಿಸ್ಟರ್ ಹತ್ತಿರಾನೇ ಬರಬೇಕು.

ಧಾರವಾಡ ಪೇಡಾ

ಹಂಗಾರ ಸರಿ. ನಮ್ಮಪ್ಪನ ಕೋಲಾ ಮಾತ್ರ ಮುಟ್ಟಬ್ಯಾಡ್ರಿ.

ಹಳದಿ ಬೋರ್ಡ್

@ಬೆಂಚ್ ಮೇಲಿನವನು, ನಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಸುಮ್ನೆ ಓದುವವಳು

ನಾನೂ ಅದಕ್ಕೇ ಕಾಯ್ತಾ ಇದ್ದೆ. ಐದೂ ಜನ ಕುಡಿದಿದ್ದಿರಿ ಅಲ್ವಾ? ಒಂದು ಡಜನ್ ಬಾಟಲಿ, ಅವರದ್ದು ನಾಲ್ಕು. ಉಳಿದ ಎಂಟು?

ಬೆಂಚ್ ಮೇಲಿನವನು · ಸೋಮವಾರ ರಾತ್ರಿ 11:52

ನಾನೇ ಓಡಿಸಿದ್ದು.

ಮೂರು ಪೆಗ್, ಎರಡು ಬಾಟಲಿ. ಇಬ್ಬರು ಮಲಗಿಬಿಟ್ಟಿದ್ದರು. ಕಾಫಿ ಮಾಡಿದವನಿಗೆ ಡ್ರೈವಿಂಗ್ ಬರಲ್ಲ. ನನಗೆ ಏನೂ ಅನ್ನಿಸಿರಲಿಲ್ಲ, ನಿಜ. ತಲೆ ಸುತ್ತಲಿಲ್ಲ, ಮಾತು ಸರಿಯಿತ್ತು. ನಾನೊಬ್ಬನೇ ಸರಿಯಾಗಿ ಇರೋದು ಅಂತಲೇ ಕೀ ತಗೊಂಡೆ. 18 ಕಿಲೋಮೀಟರ್, ಮಂಜು ಬೇರೆ. ಮೊನ್ನೆ ಕಾರು ತೊಳೆಸೋಕೆ ಕೊಟ್ಟಾಗ ಅವನು ಕೇಳಿದ, ಎಡಗಡೆ ಕನ್ನಡಿ ಎಲ್ಲಿ ಸಾರ್ ಅಂತ. ನನಗೆ ಗೊತ್ತೇ ಇಲ್ಲ. ಎಲ್ಲಿ ತಾಗಿತು, ಯಾವುದಕ್ಕೆ ತಾಗಿತು, ಶಬ್ದ ಬಂತಾ, ಏನೂ ನೆನಪಿಲ್ಲ. ಎರಡು ದಿನದಿಂದ ಅದೇ ಯೋಚನೆ. ಕೇಳಬೇಕು ಅಂತ ಇದ್ದದ್ದು ಅದೇ, ಬರೆದಿದ್ದು ಗೆಳೆಯನ ಕಥೆ.

ಹಳದಿ ಬೋರ್ಡ್

ಬೈಯಲ್ಲ. ಮರಕ್ಕೋ ಬೇಲಿಗೋ ತಾಗಿರುತ್ತೆ. ಆ ರಸ್ತೆ ಇಕ್ಕಟ್ಟು. ಆದರೂ ಒಂದು ಸಲ ಹಗಲು ಹೊತ್ತು ಹೋಗಿ ನೋಡಿಕೊಂಡು ಬಾ. ನೋಡದೆ ಇದ್ದರೆ ನಿದ್ದೆ ಬರಲ್ಲ.

ತೋಟದ ಮನೆ

ಹೋಮ್‌ಸ್ಟೇ ಯಜಮಾನರು ಅಲ್ಲೇ ಇರಲಿಲ್ಲವಾ? ನಮ್ಮ ಕಡೆ ಎಲ್ಲರ ಮನೆಯಲ್ಲೂ ಜೀಪ್ ಇರುತ್ತದೆ ತಮ್ಮಾ. ಎಬ್ಬಿಸಿದ್ದರೆ ಅವರೇ ಕರೆದುಕೊಂಡು ಹೋಗುತ್ತಿದ್ದರು.

ಬೆಂಚ್ ಮೇಲಿನವನು

ಇದ್ದರು. ಜೀಪೂ ಇತ್ತು. ರಾತ್ರಿ ಹತ್ತಕ್ಕೇ ಬಂದು "ಸಾಕು ಮಲಗಿ ಹುಡುಗರೇ" ಅಂತ ಹೇಳಿ ಹೋಗಿದ್ದರು. ಅವರ ಬಾಗಿಲು ತಟ್ಟೋಕೆ ಮುಜುಗರ ಆಯ್ತು.

ಶನಿವಾರ ಹೋಗ್ತೀನಿ. ಹಳದಿ ಬೋರ್ಡ್ ಅಣ್ಣ, ನಿಮಗೆ ಬಿಡುವಿದ್ದರೆ ನಿಮ್ಮ ಗಾಡಿಯಲ್ಲೇ ಹೋಗೋಣವಾ?

ಹಳದಿ ಬೋರ್ಡ್

ಬೆಳಿಗ್ಗೆ ಐದಕ್ಕೆ ಹೊರಡಬೇಕು. ನೆಲಮಂಗಲ ದಾಟಿದ ಮೇಲೆ ಕಾಫಿ ನಿಂದು.